ಹೆಸರಿಲ್ಲದ ಕರುವಿನ ಸಾಲು

ಪರದೆಯ ಮೇಲಿನ 'ಕರು ಸೇರಿಸು' ಗುಂಡಿ ಒತ್ತಿದೆ. ಹಸುವಿನ ಸಾಲಿನ ಕೆಳಗೆ, ಸ್ವಲ್ಪ ಬಲಕ್ಕೆ ಸರಿದು, ಹೊಸದೊಂದು ಖಾಲಿ ಸಾಲು ಹುಟ್ಟಿತು: ಕರುವಿನ ಹೆಸರು, ಹುಟ್ಟಿದ ದಿನ, ಬಣ್ಣ, ಹೆಣ್ಣೋ ಗಂಡೋ. ಮತ್ತೆ ಒತ್ತಿದೆ, ಇನ್ನೊಂದು ಸಾಲು ಬಂತು. ಎರಡನ್ನೂ ತುಂಬಿ ಉಳಿಸಿದೆ. ಪುಟ ಬದಲಾಗಲಿಲ್ಲ, ಮೊದಲು ತುಂಬಿದ್ದು ಅಳಿಸಿಹೋಗಲಿಲ್ಲ. ನಾನು ಕೂಗಿದ ಕೂಗಿಗೆ, ಕೆಳಗಿನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದ ನನ್ನ ಗಂಡ ತಾಮ್ರದ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿ ಬಂದರು.

"ಏನಾಯ್ತೇ? ಶಾಕ್ ಹೊಡೀತಾ?"

"ಕರು ಬಂತು," ಅಂದೆ.

ಅವರು ಲ್ಯಾಪ್‌ಟಾಪಿನ ಪರದೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು. "ಇದಕ್ಕಾ ಈ ಕೂಗು? ನಿಜವಾದ ಕರು ಹಾಕುವಾಗಲೂ ಹಸು ಇಷ್ಟು ಕೂಗಲ್ಲ ಕಣೇ," ಎಂದು ಇಳಿದು ಹೋದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ಖುಷಿಯಾಗಿತ್ತು.

ಕಡೂರಿನಲ್ಲಿ ನಾನು ಬಹಳ ವರ್ಷ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸಿದವಳು. ಟೈಪಿಂಗ್, ಪತ್ರ ಬರೆಯುವುದು, ಕೋಷ್ಟಕ ಹಾಕುವುದು. ಅದೇ ಪಾಠವನ್ನು ವರ್ಷವರ್ಷವೂ ಹೇಳಿ ಹೇಳಿ ನನ್ನ ದನಿ ನನಗೇ ಬೇಸರವಾಗಿತ್ತು. ಕೇಂದ್ರ ಮುಚ್ಚಿದಾಗ ಎಲ್ಲರೂ ಅಯ್ಯೋ ಅಂದರು, ನಾನು ಮಾತ್ರ ಒಳಗೊಳಗೇ ಕುಣಿದೆ. ಮಧ್ಯಾಹ್ನದ ಹೊತ್ತು ವಿಡಿಯೋ ನೋಡಿಕೊಂಡು ವೆಬ್‌ಸೈಟ್ ಕಟ್ಟುವ ಕೆಲಸ ಕಲಿತೆ. ಅದಕ್ಕೆಂದೇ ಒಂದು ಫ್ರೇಮ್‌ವರ್ಕ್ ಇರುತ್ತದೆ. ಮನೆ ಕಟ್ಟುವವರು ಬಾಗಿಲು ಕಿಟಕಿಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳುತ್ತಾರಲ್ಲ, ಹಾಗೆ ಎಲ್ಲ ವೆಬ್‌ಸೈಟಿಗೂ ಬೇಕಾಗುವ ಭಾಗಗಳನ್ನು ಅದು ಮೊದಲೇ ಕೊಟ್ಟಿರುತ್ತದೆ. ನಾವು ಜೋಡಿಸಿಕೊಳ್ಳಬೇಕು. ಹೇಳುವುದಕ್ಕೆ ಸುಲಭ. ಜೋಡಿಸುವಾಗ ನಾನು ಎಷ್ಟು ಸಲ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ತರೀಕೆರೆಯದು. ಅಲ್ಲಿ ನಾಟಿ ದನ ಸಾಕುವವರೆಲ್ಲ ಸೇರಿ ಹೊಸದಾಗಿ ಒಂದು ಸಂಘ ಮಾಡಿಕೊಂಡಿದ್ದರು. ಯಾರ ಮನೆಯಲ್ಲಿ ಯಾವ ಹಸು, ಆ ಹಸುವಿನ ಕರು ಯಾವುದು, ಎಲ್ಲವೂ ಒಂದು ಕಡೆ ಸಿಗಬೇಕು ಎಂಬುದು ಅವರ ಆಸೆ. ತಾಯಿ ಯಾವುದು ಎಂದು ಗೊತ್ತಿದ್ದರೆ ತಳಿ ಗೊತ್ತಾಗುತ್ತದೆ. ಸಂಘದ ಕಾರ್ಯದರ್ಶಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಮೊದಲು ಮಾಡಿಕೊಟ್ಟ ವೆಬ್‌ಸೈಟಿನಲ್ಲಿ ಮೂರು ಪುಟ ಇದ್ದವು. ಒಂದರಲ್ಲಿ ಮನೆಯವರ ವಿವರ ತುಂಬಿ ಉಳಿಸಬೇಕು. ಇನ್ನೊಂದಕ್ಕೆ ಹೋಗಿ ಆ ಮನೆಯನ್ನು ಹುಡುಕಿ ಹಸುವಿನ ವಿವರ ತುಂಬಬೇಕು. ಮೂರನೆಯದಕ್ಕೆ ಹೋಗಿ ಆ ಹಸುವನ್ನು ಹುಡುಕಿ ಕರುವಿನ ವಿವರ ತುಂಬಬೇಕು. ಕಾರ್ಯದರ್ಶಿಗಳು ಒಮ್ಮೆ ತುಂಬಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೇನ್ರೀ ಮೇಡಂ, ಒಂದು ಕರು ಬರೆಯೋಕೆ ಕಡೂರು, ಬೀರೂರು, ತರೀಕೆರೆ ಮೂರೂ ಸ್ಟ್ಯಾಂಡಲ್ಲಿ ಬಸ್ ಬದಲಾಯಿಸಿದಂಗಿದೆ. ಒಂದೇ ಬಸ್ಸಲ್ಲಿ ಬರೋಂಗೆ ಮಾಡಿ."

ಒಂದೇ ಬಸ್ಸು. ಅಂದರೆ ಒಂದೇ ಪುಟದಲ್ಲಿ ಮನೆ, ಮನೆಯೊಳಗೆ ಹಸುಗಳು, ಹಸುವಿನೊಳಗೆ ಕರುಗಳು, ಕೊನೆಗೆ ಒಂದೇ ಸಲ 'ಉಳಿಸು'. ಫಾರಂ ಒಳಗೆ ಫಾರಂ, ಅದರೊಳಗೆ ಇನ್ನೊಂದು ಫಾರಂ. ಇದು ಆಗುತ್ತದೆ ಎಂದು ವಿಡಿಯೋದವರು ಹೇಳುತ್ತಿದ್ದರು, ನಗುನಗುತ್ತಾ ಎರಡೇ ನಿಮಿಷದಲ್ಲಿ ಮಾಡಿಯೂ ತೋರಿಸುತ್ತಿದ್ದರು. ನನಗೆ ವಾರಗಳೇ ಹಿಡಿದವು.

ಮೊದಲ ತೊಡಕು ಇದು. ಕರುವಿನ ದಾಖಲೆಯಲ್ಲಿ ತಾಯಿಯ ಗುರುತಿನ ಸಂಖ್ಯೆ, ಅಂದರೆ ಉಳಿಸಿದಾಗ ಕಂಪ್ಯೂಟರು ಕೊಡುವ ಸಂಖ್ಯೆ, ಇರಬೇಕು. ಆದರೆ ತಾಯಿಯನ್ನೂ ಅದೇ ಕ್ಷಣದಲ್ಲಿ ಉಳಿಸುತ್ತಿರುವುದರಿಂದ ಅವಳಿಗೇ ಇನ್ನೂ ಸಂಖ್ಯೆ ಸಿಕ್ಕಿಲ್ಲ. ಹಾಗಾದರೆ ಕರುವಿಗೆ ಏನು ಬರೆಯುವುದು? ನಾನು ಏನೇನೋ ಸರ್ಕಸ್ ಮಾಡಿ ಸೋತ ಮೇಲೆ ತಿಳಿಯಿತು, ಫ್ರೇಮ್‌ವರ್ಕೇ ಅದನ್ನು ನೋಡಿಕೊಳ್ಳುತ್ತದೆ, ಮೊದಲು ಮನೆಯನ್ನು ಉಳಿಸಿ, ಅದರ ಸಂಖ್ಯೆಯನ್ನು ಹಸುವಿಗೆ ಕೊಟ್ಟು, ಹಸುವಿನ ಸಂಖ್ಯೆಯನ್ನು ಕರುವಿಗೆ ಕೊಡುತ್ತದೆ, ನಾನು ಮಧ್ಯೆ ಮೂಗು ತೂರಿಸದಿದ್ದರೆ ಸಾಕು. ಎರಡನೆಯ ತೊಡಕು ಇನ್ನೂ ಮಜ. ನಾಲ್ಕು ಕರು ತುಂಬಿದರೆ ಕೊನೆಯದೊಂದೇ ಉಳಿಯುತ್ತಿತ್ತು. ಹೊಸದಾಗಿ ಹುಟ್ಟಿದ ಸಾಲುಗಳಿಗೆಲ್ಲ ನಾನು ಒಂದೇ ಕ್ರಮಸಂಖ್ಯೆ ಕೊಟ್ಟಿದ್ದೆ, ಹಾಗಾಗಿ ಆಮೇಲೆ ಬಂದದ್ದು ಮೊದಲಿನದನ್ನು ತಳ್ಳಿ ಅದೇ ಜಾಗದಲ್ಲಿ ಕೂರುತ್ತಿತ್ತು. ಅದನ್ನು ಸರಿಮಾಡಿದ ದಿನವೇ ನಾನು ಹಾಗೆ ಕೂಗಿಕೊಂಡದ್ದು.

ಮೂರನೆಯದು ಖಾಲಿ ಸಾಲುಗಳ ಕಾಟ. 'ಕರು ಸೇರಿಸು' ಗುಂಡಿಯನ್ನು ಒತ್ತುವುದೇ ಜನರಿಗೆ ಒಂದು ಆಟವಾಯಿತು. ಕಾರ್ಯದರ್ಶಿಗಳೇ ಒತ್ತಿ ಒತ್ತಿ ಸಾಲು ಹುಟ್ಟಿಸಿ, ಏನೂ ತುಂಬದೆ ಉಳಿಸಿಬಿಟ್ಟರು. ಮರುದಿನ ನೋಡಿದರೆ ಸಂಘದ ಲೆಕ್ಕದಲ್ಲಿ ಹೆಸರಿಲ್ಲದ, ಬಣ್ಣವಿಲ್ಲದ, ಹೆಣ್ಣೂ ಅಲ್ಲದ ಗಂಡೂ ಅಲ್ಲದ ಕರುಗಳ ಮಂದೆಯೇ ನಿಂತಿತ್ತು. ಅದಕ್ಕೆ ನಾನು ಒಂದೇ ಸಾಲಿನ ನಿಯಮ ಬರೆದೆ. ಹೆಸರಿನ ಜಾಗ ಖಾಲಿ ಇದ್ದರೆ ಅದು ಕರುವೇ ಅಲ್ಲ, ಸದ್ದಿಲ್ಲದೆ ಬಿಟ್ಟುಬಿಡು. ಮಂದೆ ಮಾಯವಾಯಿತು. ಆ ಒಂದು ಸಾಲಿನ ಮೇಲೆ ನನಗೆಷ್ಟು ಪ್ರೀತಿ ಹುಟ್ಟಿತೆಂದರೆ, ಗಂಡನನ್ನು ಕರೆದು ಓದಿ ಹೇಳಿದೆ. ಅವರು ಹೂಂ ಅಂದರು.

ಇನ್ನು ನನ್ನ ಚಿಕ್ಕಮ್ಮನ ವಿಷಯ ಹೇಳಬೇಕು. ನನ್ನ ತಾಯಿಯ ತಂಗಿ, ಬುಕ್ಕಾಂಬುಧಿಯವಳು. ಕೆರೆ ಏರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ. ಚಿಕ್ಕಪ್ಪ ಗಾರೆ ಕೆಲಸಕ್ಕೆ ಊರೂರು ಹೋಗುತ್ತಾರೆ, ದನಕರು ಎಲ್ಲ ಇವಳದ್ದೇ. ಆದರೆ ಇವಳದ್ದು ಎನ್ನುವ ದನ ಒಂದೂ ಇರಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಸು ಅಜ್ಜಂಪುರದ ಒಬ್ಬರದ್ದು, ಪಾಲಿಗೆ ಬಂದದ್ದು. ಪಾಲು ಅಂದರೆ, ಹಸು ಅವರದ್ದು, ಮೇವು ನೀರು ಆರೈಕೆ ಇವಳದ್ದು, ಹಾಲು ಇವಳಿಗೆ. ಮೊದಲ ಕರು ಹಸು ಕೊಟ್ಟವರಿಗೆ, ಎರಡನೆಯದು ಸಾಕಿದವಳಿಗೆ. ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ, ಎಲೆ ಅಡಿಕೆ ಕೊಟ್ಟು ಬಾಯಿಮಾತಿನಲ್ಲಿ ಆಗುವ ವ್ಯವಹಾರ. ಮೊದಲನೆಯದು ಗಂಡುಕರು, ಅಜ್ಜಂಪುರಕ್ಕೆ ಹೋಯಿತು. ಎರಡನೆಯದು ಹೆಣ್ಣು. ಕಣ್ಣಿಗೆ ಕಾಡಿಗೆ ತೀಡಿದ ಹಾಗಿದ್ದ ಬೂದಿಬಣ್ಣದ ಕರು.

ಸಂಘದ ಸದಸ್ಯರಾಗಬೇಕೆಂದರೆ ಸ್ವಂತದ್ದು ಒಂದಾದರೂ ದನ ಇರಬೇಕು. ಇದ್ದವರಿಗೆ ಮೇವಿನ ಬೀಜ, ಸಭೆಯಲ್ಲಿ ಮಾತು, ದನದ ಕಿವಿಗೆ ಸಂಖ್ಯೆಯಿರುವ ಹಳದಿ ಬಿಲ್ಲೆ. ಚಿಕ್ಕಮ್ಮ ಅದನ್ನು ಓಲೆ ಎನ್ನುತ್ತಿದ್ದಳು.

"ಇಷ್ಟು ವರ್ಷ ಬರೀ ಬ್ಯಾರೆಯೋರ ದನ ತೊಳೆದೆ ಕಣೇ. ನನ್ನ ಹೆಸರಲ್ಲೂ ಒಂದು ಓಲೆ ಬೀಳ್ಲಿ," ಎಂದು ಫೋನಿನಲ್ಲಿ ಹೇಳಿದ್ದಳು. ಅವಳು ಏನನ್ನೂ ಬೇಕು ಎಂದು ಕೇಳಿದವಳಲ್ಲ. ಅದಕ್ಕೇ ನಾನು ಫಾರಂನಲ್ಲಿ ಪಾಲಿನ ದನಗಳಿಗೆಂದೇ ವಿಶೇಷ ಏರ್ಪಾಡು ಮಾಡಿದ್ದೆ. ಹಸುವಿನ ಸಾಲಿನಲ್ಲಿ 'ಪಾಲಿಗೆ ಬಂದದ್ದು' ಎಂದು ಗುರುತು ಹಾಕಬಹುದು, ಕರುವಿನ ಸಾಲಿನಲ್ಲಿ 'ಯಾರ ಪಾಲು' ಎಂದು ಆರಿಸಬಹುದು. ಇಷ್ಟು ಯೋಚಿಸಿದ್ದೇನಲ್ಲಾ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ತರೀಕೆರೆಯಲ್ಲಿ ಸಂಘದ ಸಭೆ ಕರೆದರು. ಅಲ್ಲಿ ನನ್ನ ಫಾರಂ ತೋರಿಸಿ, ಅಲ್ಲಿಯೇ ತುಂಬಿಸಿ, ಮರುದಿನ ಮಧ್ಯಾಹ್ನದೊಳಗೆ ಮೊದಲ ಸದಸ್ಯರ ಪಟ್ಟಿ ಮುಗಿಸುವುದು ಎಂದು ತೀರ್ಮಾನವಾಗಿತ್ತು. ಆಮೇಲೆ ಬಂದವರಿಗೆ ಮುಂದಿನ ವರ್ಷವೇ. ಲಿಂಗದಹಳ್ಳಿ ಕಡೆಯಿಂದ, ಲಕ್ಕವಳ್ಳಿ ಕಡೆಯಿಂದ ಜನ ಬಂದಿದ್ದರು. ಚಿಕ್ಕಮ್ಮ ಹೊಸ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಇದನ್ನ ತುಂಬೋಕೆ ನಾನು ಬೇಡ, ಯಾರು ಬೇಕಾದರೂ ತುಂಬಬಹುದು," ಎಂದು ದೊಡ್ಡದಾಗಿ ಹೇಳಿ ಚಿಕ್ಕಮ್ಮನನ್ನೇ ಕರೆದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಮೊಬೈಲಿನಲ್ಲಿ ಕನ್ನಡ ಒತ್ತಿ ಅವಳಿಗೆ ಅಭ್ಯಾಸವಿತ್ತು. ನಿಧಾನವಾಗಿ, ತುಟಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ನಾನು ಅಷ್ಟರಲ್ಲಿ ಜನರ ಕಡೆ ತಿರುಗಿ ಭಾಷಣ ಬಿಗಿಯುತ್ತಿದ್ದೆ. ಅವಳು 'ಉಳಿಸು' ಒತ್ತಿದಳು. ಹಸಿರು ಪಟ್ಟಿಯಲ್ಲಿ 'ಉಳಿಸಲಾಗಿದೆ' ಎಂದು ಬಂತು. ಜನ ಚಪ್ಪಾಳೆ ತಟ್ಟಿದರು.

ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತಿದ್ದ ಪುಟವನ್ನು ಕಾರ್ಯದರ್ಶಿಗಳು ಗಟ್ಟಿಯಾಗಿ ಓದಿದರು. ಮನೆ, ಬುಕ್ಕಾಂಬುಧಿ. ಹಸು ಒಂದು, ಪಾಲಿಗೆ ಬಂದದ್ದು. ಕರುಗಳು, ಇಲ್ಲ.

"ಇಲ್ಲ ಅಂತಿದೆಯಲ್ಲಾ," ಅಂದರು.

"ಅದೇನೋ ಸಣ್ಣದು, ಇನ್ನೊಮ್ಮೆ ತುಂಬ್ತಾಳೆ," ಅಂದೆ. ಚಿಕ್ಕಮ್ಮ ಇನ್ನೊಮ್ಮೆ ತುಂಬಿದಳು. ಮತ್ತೆ ಹಸಿರು ಪಟ್ಟಿ, ಮತ್ತೆ ಕರುಗಳು ಇಲ್ಲ. ಆಗ ನನ್ನ ಕಿವಿ ಬಿಸಿಯಾಯಿತು. ಲಿಂಗದಹಳ್ಳಿಯವರೊಬ್ಬರು ಬಂದು ತಮ್ಮದನ್ನು ತುಂಬಿದರು, ಮೂರು ಕರುಗಳೂ ಸಾಲಾಗಿ ಬಂದು ನಿಂತವು. ಲಕ್ಕವಳ್ಳಿಯವರದ್ದೂ ಬಂತು. ಎಲ್ಲರದ್ದೂ ಬಂತು. ಚಿಕ್ಕಮ್ಮನ ಕರು ಮಾತ್ರ ಬರಲಿಲ್ಲ. ಎಲ್ಲರದ್ದೂ ಹೋಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಕಾರ್ಯದರ್ಶಿಗಳು ಮೆತ್ತಗೆ, "ನಾಳೆ ಮಧ್ಯಾಹ್ನದವರೆಗೂ ಟೈಮಿದೆ ಬಿಡಿ," ಅಂದರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಡಿಯೇ, ಬಸ್ಸು ಹೋಯ್ತದೆ," ಅಂದಳು. ನನ್ನ ಮುಖ ನೋಡಲಿಲ್ಲ.

ಕಡೂರಿಗೆ ಹೋಗಬೇಕಾದ ನಾನು ಅವಳ ಹಿಂದೆಯೇ ಅಜ್ಜಂಪುರದ ಬಸ್ಸು ಹತ್ತಿದೆ. ಈರುಳ್ಳಿ ಮೂಟೆಗಳ ಪಕ್ಕದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.  ಬಸ್ಸು ಊರು ದಾಟಿದ ಮೇಲೆ ಅವಳೇ ಹೇಳಿದಳು.

"ಬಿಡೇ. ಅದು ನನ್ನ ಪಾಲಿಗಿಲ್ಲ ಅಂತ ನಿನ್ನ ಮಿಷನ್ನಿಗೂ ಗೊತ್ತಾಗಿದೆ."

"ಮಿಷನ್ನಿಗೆ ಏನೂ ಗೊತ್ತಾಗಲ್ಲ ಕಣೇ ಚಿಕ್ಕಮ್ಮ. ನಾನು ಹೇಳಿದ್ದು ಬಿಟ್ಟು ಅದಕ್ಕೆ ಒಂದಕ್ಷರ ತಿಳಿಯಲ್ಲ. ನೀನು ಏನೇನು ತುಂಬಿದೆ, ಒಂದೊಂದಾಗಿ ಹೇಳು."

"ಹುಟ್ಟಿದ ದಿನ ಹಾಕ್ದೆ. ಬಣ್ಣ ಬೂದಿ ಅಂತ ಹಾಕ್ದೆ. ಹೆಣ್ಣು ಅಂತ ಒತ್ದೆ. ಪಾಲು ನಂದು ಅಂತ ಒತ್ದೆ."

"ಹೆಸರು?"

"ಹೆಸರು ಎಲ್ಲಿಂದ ಬತ್ತದೆ? ಇನ್ನೂ ಪಾಲು ಹರಿದಿಲ್ವಲ್ಲ."

 ನಮ್ಮ ಮನೆಯವರು ಎಂದೂ ಪಾಲಿನ ದನ ಕಟ್ಟಿದವರಲ್ಲ, ನನಗೆ ಇದು ಗೊತ್ತೇ ಇರಲಿಲ್ಲ. ಚಿಕ್ಕಮ್ಮ ಹೇಳಿದಳು. ಪಾಲಿನ ಹಸು ಹಾಕಿದ ಕರುವಿಗೆ, ಅದು ಇಂಥವರದ್ದು ಎಂದು ಹರಿಯುವವರೆಗೂ ಅವಳ ಕಡೆ ಹೆಸರಿಡುವುದಿಲ್ಲ. ಹಸು ಕೊಟ್ಟವರು ತಾವಾಗಿ ಬಂದು, ಹಳೆಯ ಹಗ್ಗ ಬಿಚ್ಚಿ, ತಾವು ತಂದ ಹೊಸ ಹಗ್ಗ ಕಟ್ಟಿ, ಅದರ ತುದಿಯನ್ನು ಸಾಕಿದವರ ಕೈಗೆ ಕೊಡಬೇಕು. ಆಗ ಪಾಲು ಹರಿದ ಹಾಗೆ. ಹೆಸರು ಆಮೇಲೆ.

"ಮೊದಲ್ನೇ ಕರೂಗೆ ಬಾಯಿ ತಡೀದೆ ಹೆಸರಿಟ್ಬಿಟ್ಟಿದ್ದೆ," ಎಂದು ಕಿಟಕಿಯ ಕಡೆ ತಿರುಗಿ ಅಂದಳು. "ಹಿಡ್ಕೊಂಡು ಹೋಗೋವಾಗ ಒಂದ್ಸಲ ಕರೆದೆ. ತಿರುಗಿ ನೋಡ್ತು ಕಣೇ. ಕಾಲು ಊರಿ ನಿಂತ್ಬಿಡ್ತು, ಎಳ್ಕೊಂಡು ಹೋಗಬೇಕಾಯ್ತು. ಆವತ್ತೇ ಅಂದ್ಕೊಂಡೆ, ಇನ್ನು ಯಾವುದಕ್ಕೂ ಹೆಸರಿಡಲ್ಲ ಅಂತ."

ನನಗೆ ಒಂದೇ ಹೊತ್ತಿಗೆ ಅಳುವೂ ಬಂತು, ಖುಷಿಯೂ ಬಂತು. ಖುಷಿ ಯಾಕೆಂದರೆ ತಪ್ಪು ಸಿಕ್ಕಿಬಿಟ್ಟಿತ್ತು. ನಾನು ಗಂಡನಿಗೆ ಓದಿ ಹೇಳಿದ ಅದೇ ಸಾಲು. ಹೆಸರಿಲ್ಲದಿದ್ದರೆ ಕರುವೇ ಅಲ್ಲ. ಬಸ್ಸಿನಲ್ಲಿಯೇ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಬಸ್ಸು ರಸ್ತೆಯ ಗುಂಡಿಗೆ ಬಿದ್ದಾಗಲೆಲ್ಲ ಕೈ ಎಲ್ಲೆಲ್ಲೋ ಹೋಗಿ ತಪ್ಪು ಅಕ್ಷರ ಬೀಳುತ್ತಿತ್ತು. ನಿಯಮ ಬದಲಿಸಿದೆ. ಸಾಲಿನಲ್ಲಿ ಎಲ್ಲ ಜಾಗವೂ ಖಾಲಿ ಇದ್ದರೆ ಮಾತ್ರ ಬಿಡು, ಹುಟ್ಟಿದ ದಿನವೋ ಬಣ್ಣವೋ ಒಂದಾದರೂ ಇದ್ದರೆ ಅದು ಕರು. ಮೊಬೈಲಿನಿಂದ ಇಂಟರ್‌ನೆಟ್ ಹಂಚಿಕೊಂಡು ಹೊಸದನ್ನು ಏರಿಸಿದೆ. ಸಿಗ್ನಲ್ ಹೋಗುವುದು ಬರುವುದು, ನಾನು ಮೊಬೈಲನ್ನು ಕಿಟಕಿಯ ಹೊರಗೆ ಹಿಡಿಯುವುದು. ಕಂಡಕ್ಟರು ಬಂದು ನಿಂತರು.

"ಏನ್ ಮೇಡಂ, ಬಸ್ಸಲ್ಲೇ ಆಫೀಸಾ?"

"ಕರು ಹುಡುಕ್ತಾ ಇದ್ದೀನಿ," ಅಂದೆ. ಅವರು ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ, "ನಮ್ಮಕ್ಕನ ಮಗಳು, ಸ್ವಲ್ಪ ಹಿಂಗೇ," ಅಂದಳು. ಆ ಮಾತು ಕೇಳಿ ಅವಳ ಮುನಿಸು ಇಳಿದಿದೆ ಎಂದು ನನಗೆ ಸಮಾಧಾನವಾಯಿತು.

ಅವಳ ಕೈಯಲ್ಲೇ ಮತ್ತೆ ತುಂಬಿಸಿದೆ. ಉಳಿಸಿದಳು. ಹಸುವಿನ ಕೆಳಗೆ, ಸ್ವಲ್ಪ ಬಲಕ್ಕೆ ಸರಿದು, ಕರು ಬಂದು ನಿಂತಿತ್ತು. ಬೂದಿ ಬಣ್ಣ, ಹೆಣ್ಣು. ಹೆಸರಿನ ಜಾಗದಲ್ಲಿ ಏನೂ ಇಲ್ಲ. ನಾನು ಈರುಳ್ಳಿ ಮೂಟೆಗೆ ಒಂದು ಗುದ್ದು ಗುದ್ದಿದೆ.

ಆದರೆ ಸಾಲಿನ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಇನ್ನೊಂದು ಇತ್ತು. 'ಪಾಲು ಖಚಿತವಾಗಿಲ್ಲ.' ಪಾಲಿನ ಕರುವಾದರೆ ಹಸು ಕೊಟ್ಟವರ ಒಪ್ಪಿಗೆ ಬೇಕು ಎಂದು ಸಂಘದವರು ಹೇಳಿದ್ದರಿಂದ ನಾನೇ ಇಟ್ಟದ್ದು. ಹಸು ಕೊಟ್ಟವರು ಕಾರ್ಯದರ್ಶಿಗಳಿಗೆ ಒಂದು ಮಾತು ಹೇಳದೆ ಅದು ಹೋಗುವುದಿಲ್ಲ. ಅದು ಹೋಗದೆ ಚಿಕ್ಕಮ್ಮ ಸದಸ್ಯಳಲ್ಲ. ಇದನ್ನು ಸರಿಪಡಿಸಲು ನನ್ನ ಕೈಯಲ್ಲಿ ಯಾವ ಸಾಲೂ ಇರಲಿಲ್ಲ.

ಅಜ್ಜಂಪುರದಲ್ಲಿ ಇಳಿದೆವು. ಹಸುವಿನ ಯಜಮಾನರ ಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ನಾನು ಆ ಕಡೆ ಹೆಜ್ಜೆ ಹಾಕಿದರೆ ಚಿಕ್ಕಮ್ಮ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟಳು.

"ನಾ ಬರಲ್ಲ. ಕರು ಹುಟ್ಟಿ ಇಷ್ಟು ದಿನ ಆಯ್ತು, ಅವರು ಬರ್ಲಿಲ್ಲ. ಈಗ ನಾನಾಗೇ ಹೋಗಿ ನಿಂತ್ರೆ ಬಾಯಿಬಿಟ್ಟು ಕೇಳ್ದಂಗೆ ಆಯ್ತದೆ. ಕೇಳಿ ಇಸ್ಕೊಂಡ ಕರು ನಂಗೆ ಬ್ಯಾಡ."

"ನಾಳೆ ಮಧ್ಯಾಹ್ನ ಪಟ್ಟಿ ಮುಗಿಯುತ್ತೆ."

"ಮುಗೀಲಿ."

ನನಗೆ ರೇಗಿತು. ರೇಗಿದಾಗ ನಾನು ಚೆನ್ನಾಗಿ ನಡೆಯುತ್ತೇನೆ. ಒಬ್ಬಳೇ ಹೋದೆ.

ಯಜಮಾನರು ಲಾರಿ ಓಡಿಸಿ ದೇಶವೆಲ್ಲ ತಿರುಗಿ ಈಗ ಮನೆಯಲ್ಲಿ ಕೂತವರು. ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಯಾರೆಂದು ಹೇಳಿ, ಲ್ಯಾಪ್‌ಟಾಪ್ ತೆರೆದು, ಹಸು ತೋರಿಸಿ, ಅದರ ಕೆಳಗಿನ ಕರು ತೋರಿಸಿದೆ. ಗುಂಡಿ ಒತ್ತಿದರೆ ಸಾಲು ಹುಟ್ಟುವುದನ್ನೂ ತೋರಿಸಿದೆ. ಅವರಿಗೆ ಬಹಳ ಮಜ ಬಂತು, ಎರಡು ಮೂರು ಸಾಲು ಹುಟ್ಟಿಸಿದರು. ಆಮೇಲೆ ಕೈ ತಡೆದು ಕೇಳಿದರು.

"ಹೆಣ್ಣು ಕರು ಅಂತೆ?"

"ಹೌದು."

"ತಾಯಿ ಹಂಗೇ ಇದೆ ಅಂತಾರೆ."

"ಹೌದು," ಅಂದೆ. ಸುಳ್ಳು ಹೇಳೋಣವೆಂದರೆ ಹೆಣ್ಣು, ಬೂದಿ ಬಣ್ಣ ಎಂದು ಎಲ್ಲ ಅವರ ಕಣ್ಣೆದುರೇ ಬರೆದಿತ್ತು.

ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣ್ಣು ಕರು, ಒಳ್ಳೆಯ ತಳಿ. ಅವರ ಪಾಲಿಗೆ ಬಂದದ್ದು ಗಂಡು.  ಕಾಫಿ ಬಂತು, ಕುಡಿದೆ, ರುಚಿ ಏನೂ ಗೊತ್ತಾಗಲಿಲ್ಲ.

"ನಾಳೆ ಬತ್ತೀನಿ ಅನ್ನು," ಅಂದರು. ಅಷ್ಟೇ. ಕೊಡುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಅದನ್ನೇ ಬಂದು ಚಿಕ್ಕಮ್ಮನಿಗೆ ಹೇಳಿದೆ. "ನೋಡೋಕೆ ಬತ್ತಾರೆ," ಅಂದಳು ಅವಳು. ಬುಕ್ಕಾಂಬುಧಿಗೆ ಹೋಗುವವರೆಗೂ ಅಷ್ಟನ್ನೇ ಮೂರು ನಾಲ್ಕು ಸಲ ಅಂದುಕೊಂಡಳು.

ಬೆಳಿಗ್ಗೆ ಎದ್ದಾಗ ಅವಳು ಕೊಟ್ಟಿಗೆ ತೊಳೆದು, ಕರುವಿನ ಮೈ ತಿಕ್ಕಿ ಮುಗಿಸಿದ್ದಳು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದೂ ತಪ್ಪಿಲ್ಲದ ಫಾರಂ ಅನ್ನು ಹತ್ತು ಸಲ ಪರೀಕ್ಷೆ ಮಾಡಿದೆ. ಬಿಸಿಲು ಕೆರೆ ಏರಿ ದಾಟಿ ಅಂಗಳಕ್ಕೆ ಬಂತು. ಆಗ ಒಂದು ಹಳೆಯ ಸ್ಕೂಟರು ಬಂದು ನಿಂತಿತು. ಯಜಮಾನರು ಇಳಿದರು, ಹಿಂದಿನಿಂದ ಹೆಂಡತಿ ಇಳಿದರು. ಅವರ ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಏನೋ ಇತ್ತು.

ಯಜಮಾನರು ಚಿಕ್ಕಮ್ಮನನ್ನು ಮಾತಾಡಿಸಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಹಸುವಿನ ಕತ್ತಿನಡಿ ಜೋಲುವ ಗಂಗೆದೊಗಲು ಸವರಿದರು, ಕರುವಿನ ಸುತ್ತ ಒಂದು ಸುತ್ತು ಬಂದರು, ಹಲ್ಲು ನೋಡಿದರು, ಗೊರಸು ನೋಡಿದರು. ಚಿಕ್ಕಮ್ಮ ಅಂಗಳದ ಈ ತುದಿಯಲ್ಲಿ, ಕೈ ಕಟ್ಟಿಕೊಂಡು, ಯಾರದ್ದೋ ಮನೆಯ ಮುಂದೆ ನಿಂತ ಹಾಗೆ ನಿಂತಿದ್ದಳು.

ಯಜಮಾನರ ಹೆಂಡತಿ ಬಾಳೆ ಎಲೆ ಬಿಚ್ಚಿದರು. ಅರಿಶಿನ ಹಚ್ಚಿದ ಹೊಸ ಹಗ್ಗ.

"ಏನಮ್ಮಾ, ಒಂದು ಮಾತು ಹೇಳಿ ಕಳಿಸಬಾರದಾಗಿತ್ತಾ?" ಅಂದರು ಯಜಮಾನರು, ಹಳೆಯ ಹಗ್ಗ ಬಿಚ್ಚುತ್ತಾ. "ನಾನಾಗೇ ಬಂದ್ರೆ, ಹೆಣ್ಣು ಕರು ಅಂತ ಕೇಳಿ ಆಸೆ ಬಿದ್ದು ಬಂದ ಇವನು ಅಂತ ಊರು ಆಡ್ಕೊಳ್ತದೆ ಅಂತ ಕೂತಿದ್ದೆ. ನೀನು ಕರೀತೀಯ ಅಂತ ನೋಡಿದ್ದೇ ನೋಡಿದ್ದು."

"ನಾನು ಹೆಂಗ್ ಕರೀಲಿ? ಕೊಡಿ ಅಂತ ಕೇಳ್ದಂಗಾಗಲ್ವಾ?"

"ಇಬ್ಬರೂ ಚೆನ್ನಾಗಿದ್ದೀರಿ," ಅಂದೆ ನಾನು ಜಗಲಿಯಿಂದಲೇ, ತಡೆಯಲಾರದೆ. "ನೀವು ಹೀಗೇ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿದ್ದರೆ ಆ ಕರು ಹಸುವಾಗಿ ಕರು ಹಾಕೋದು." ನನಗೆ ಅಳು ಬರುವ ಹಾಗಿತ್ತು, ಅದಕ್ಕೇ ಬೈದೆ.

ಯಜಮಾನರು ಹೊಸ ಹಗ್ಗ ಕಟ್ಟಿದರು. ಕಾರ್ಯದರ್ಶಿಗಳಿಗೆ ನಾನೇ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ, ಕರು ಬುಕ್ಕಾಂಬುಧಿಯವಳದ್ದೇ ಕಣ್ರೀ ಎಂದು ಹೇಳಿದರು. ಪರದೆಯ ಮೇಲೆ ಕೆಂಪು ಅಕ್ಷರ ಹೋಯಿತು. ಚಿಕ್ಕಮ್ಮನಿಗೆ ಅದನ್ನು ನೋಡುವ ವ್ಯವಧಾನ ಇರಲಿಲ್ಲ. ಅವಳು ಹಗ್ಗವನ್ನೇ ನೋಡುತ್ತಿದ್ದಳು. ಹಗ್ಗದ ತುದಿ ಇನ್ನೂ ಯಜಮಾನರ ಕೈಯಲ್ಲಿತ್ತು, ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು.

"ಇನ್ನೇನು, ಹಗ್ಗ ಕೈಗೆ ಬಂದಂಗೇ. ಹೆಸರೇನು ಅಂತ ಹೇಳು, ನಿನ್ನ ಮಗಳು ಬರ್ಕೊಳ್ಳಲಿ," ಅಂದರು.

ನಾನು ಹೆಸರಿನ ಖಾಲಿ ಜಾಗದ ಮೇಲೆ ಒತ್ತಿ ಕಾದೆ.  ಚಿಕ್ಕಮ್ಮ, ನಮಗೆಲ್ಲ ಕೇಳಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹೇಳಿದಳು.

"ಸೇವಂತಿ."

ಕರು ತಟ್ಟನೆ ತಲೆ ಎತ್ತಿತು. ಎರಡೂ ಕಿವಿ ಇತ್ತ ತಿರುಗಿದವು. ಯಜಮಾನರ ಕೈಯಿಂದ ಹಗ್ಗ ಕಿತ್ತುಕೊಂಡು, ಅಂಗಳದುದ್ದಕ್ಕೂ ಅದನ್ನು ಎಳೆದುಕೊಂಡು ಓಡಿ ಬಂದು ಅವಳ ಸೊಂಟಕ್ಕೆ ಮೂಗು ಒತ್ತಿ ನಿಂತಿತು.

 ಯಜಮಾನರು ಖಾಲಿ ಕೈ ನೋಡಿಕೊಂಡು, "ಇಷ್ಟು ದಿನ ಹೆಸರಿಟ್ಟಿರಲಿಲ್ಲ ಅಂದ್ಕೊಂಡಿದ್ದೆ," ಅಂದರು.

"ಯಾರ ಮುಂದೂ ಕರೆದಿರಲಿಲ್ಲ," ಅಂದಳು ಚಿಕ್ಕಮ್ಮ. ಬಗ್ಗಿ ನೆಲದಿಂದ ಹಗ್ಗದ ತುದಿ ಎತ್ತಿಕೊಂಡಳು. ನಾನು ಹೆಸರು ತುಂಬಿ 'ಉಳಿಸು' ಒತ್ತಿದೆ.